ಬಾಲದ ಬಳಿಯ ಅಕ್ಷರ: ಏರೋಫ್ಲೋಟ್‌ನಲ್ಲಿ ಎಂಟು ವರ್ಷ ದೆಹಲಿ–ಮಾಸ್ಕೋ

ಕೊಡಗಿನ ಕಾಫಿ ಬೀಜದ ವ್ಯಾಪಾರ ನಮ್ಮದು. ರಷ್ಯಾದಲ್ಲಿ ಕೊಳ್ಳುವವರಿದ್ದಾರೆ, ಹಾಗಾಗಿ 2016ರಿಂದ, ಕೋವಿಡ್ ಕಾಲ ಬಿಟ್ಟರೆ, ಮಾಸ್ಕೋಗೆ ಹೋಗಿಬರೋದು ಇದ್ದದ್ದೇ. ಬೆಂಗಳೂರಿಂದ ದೆಹಲಿ, ಅಲ್ಲಿಂದ ರಷ್ಯಾದ ವಿಮಾನ ಕಂಪನಿ ಏರೋಫ್ಲೋಟ್ ಹತ್ತಿದರೆ ನೇರ ಮಾಸ್ಕೋದ ಶೆರೆಮೆತ್ಯೆವೊ ವಿಮಾನ ನಿಲ್ದಾಣ.

ಒಳಗಿನ ವಿಷಯ ಬೇಗ ಮುಗಿಸ್ತೀನಿ. ನನಗೆ ಹೆಚ್ಚಾಗಿ ಸಿಕ್ಕಿದ್ದು ಏರ್‌ಬಸ್ ಎ330. ಎಕಾನಮಿಯಲ್ಲಿ ಕಿಟಕಿ ಬದಿಗೆ ಎರಡೇ ಸೀಟು, ಜೋಡಿಯಾಗಿ ಹೋಗುವವರಿಗೆ ಅನುಕೂಲ. ಸಸ್ಯಾಹಾರ ಬೇಕಿದ್ದರೆ ಮೊದಲೇ ಹೇಳಿಡಿ. ವಿಮಾನದ ಕಾಫಿ ಹೇಗಿದೆ ಅಂತ ಕಾಫಿ ವ್ಯಾಪಾರಿಯನ್ನು ಕೇಳಬಾರದು, ಅದು ಯಾವ ಕಂಪನಿಯದ್ದೇ ಆಗಲಿ.

ನಾನು ಬರೆಯಬೇಕು ಅಂದುಕೊಂಡಿದ್ದು ಬೇರೆ. 2017ರಲ್ಲಿ ದೆಹಲಿ ಗೇಟಿನ ಗಾಜಿನಾಚೆ ನಿಂತಿದ್ದ ವಿಮಾನದ ಬಾಲದ ಹತ್ತಿರ ‘ವಿಕ್ಯೂ-ಬಿ’ ಅಂತ ಶುರುವಾಗುವ ನಂಬರು ಕಾಣಿಸಿತು. ರಷ್ಯಾದ್ದಾದರೆ ‘ಆರ್‌ಎ’ ಇರಬೇಕಲ್ಲ? ಮಾಸ್ಕೋದಲ್ಲಿ ನಮ್ಮ ಮಾಲು ಕೊಳ್ಳುವವರನ್ನು ಕೇಳಿದೆ. ನಕ್ಕರು. ಅದು ಬರ್ಮುಡಾ. ಅಟ್ಲಾಂಟಿಕ್ ನಡುವಿನ, ಅರವತ್ತು ಸಾವಿರ ಚಿಲ್ಲರೆ ಜನರ ಬ್ರಿಟಿಷ್ ದ್ವೀಪ.

ಬೆಂಗಳೂರಿನ ರಸ್ತೆಯಲ್ಲಿ ಪಾಂಡಿಚೇರಿ ನಂಬರಿನ ದೊಡ್ಡ ಕಾರು ಓಡಾಡುತ್ತವಲ್ಲ, ಸ್ವಲ್ಪ ಹಾಗೇ. ತೆರಿಗೆ, ಕಸ್ಟಮ್ಸ್ ಲೆಕ್ಕವೂ ಇದರಲ್ಲಿದೆ. ಆದರೆ ಇಲ್ಲಿ ಗಾಡಿ ಓಡಿಸುವವನದ್ದಲ್ಲ, ಬಾಡಿಗೆಯದು. ಮಾಲೀಕರು ಐರ್ಲೆಂಡಿನಂಥ ಕಡೆಯ ಲೀಸಿಂಗ್ ಕಂಪನಿಗಳು. ಬಾಡಿಗೆ ನಿಂತರೆ ವಿಮಾನ ವಾಪಸ್ ಎಳೆದುಕೊಳ್ಳಲು ಇಂಗ್ಲಿಷ್ ಕಾನೂನಿನ ನೋಂದಣಿಯೇ ಭದ್ರ ಅಂತ ಅವರ ನಂಬಿಕೆ. ಐದು ವರ್ಷ ಇದನ್ನು ತಮಾಷೆಯ ಸಂಗತಿ ಅಂತ ಊರಲ್ಲಿ ಹೇಳಿಕೊಂಡು ತಿರುಗಿದೆ.

2022ರ ಮಾರ್ಚ್‌ನಲ್ಲಿ ತಮಾಷೆ ಮುಗಿಯಿತು. ಉಕ್ರೇನ್ ಯುದ್ಧದ ಬೆನ್ನಿಗೆ ಐರೋಪ್ಯ ಒಕ್ಕೂಟ ಲೀಸ್ ಮುರಿಯಲು ತಿಂಗಳ ಗಡುವು ಕೊಟ್ಟಿತು. 8ರಂದು ಏರೋಫ್ಲೋಟ್ ಬೆಲಾರುಸ್ ಬಿಟ್ಟು ಉಳಿದ ವಿದೇಶಿ ಹಾರಾಟ ನಿಲ್ಲಿಸಿತು. 12ರಂದು ಬರ್ಮುಡಾ ಹಾರಾಟ ಯೋಗ್ಯತಾ ಪತ್ರಗಳನ್ನು ಅಮಾನತು ಮಾಡಿತು. 14ರಂದು ಪುಟಿನ್ ಸಹಿಯ ಕಾನೂನು ಬಂತು: ಆ ವಿಮಾನಗಳನ್ನು ರಷ್ಯಾದಲ್ಲೇ ನೋಂದಾಯಿಸಬಹುದು. ಒಂದೇ ವಿಮಾನ, ಎರಡು ಆರ್‌ಸಿ ಪುಸ್ತಕ! ವಿಮಾನಯಾನದ ಅಂತರರಾಷ್ಟ್ರೀಯ ನಿಯಮಗಳ ಷಿಕಾಗೋ ಒಪ್ಪಂದ ಇದನ್ನು ಒಪ್ಪುವುದಿಲ್ಲ. ಏಪ್ರಿಲ್‌ನಲ್ಲಿ ಐರೋಪ್ಯ ಒಕ್ಕೂಟ ಏರೋಫ್ಲೋಟನ್ನೂ ಸೇರಿಸಿ 21 ರಷ್ಯನ್ ಕಂಪನಿಗಳನ್ನು ಸುರಕ್ಷತೆಯ ಕಪ್ಪುಪಟ್ಟಿಗೆ ಹಾಕಿತು.

ಮೇ ತಿಂಗಳಲ್ಲಿ ದೆಹಲಿ ಹಾರಾಟ ಮತ್ತೆ ಶುರುವಾಯಿತು. ಜೂನ್ 2ರಂದು ಕೊಲಂಬೊದಲ್ಲಿ, ಐರಿಷ್ ಮಾಲೀಕರ ದೂರಿನ ಮೇಲೆ, ಕೋರ್ಟು ಏರೋಫ್ಲೋಟ್‌ನ ಒಂದು ಎ330 ಅನ್ನು ಹಾರದಂತೆ ತಡೆಯಿತು. ಪ್ರಯಾಣಿಕರು ಅಲ್ಲೇ ಉಳಿದರು. ಆ ಸುದ್ದಿ ಓದಿದ ಮನೆಯವಳು ‘ನೀವು ದುಬೈ ಮೇಲೇ ಹೋಗಿ’ ಅಂದಳು. ಒಂದು ವರ್ಷ ಹಾಗೇ ಹೋದೆ. ಖರ್ಚು ಜಾಸ್ತಿ, ದಿನವೂ ಹಾಳು.

2023ರ ಕೊನೆಗೆ ಮತ್ತೆ ಏರೋಫ್ಲೋಟ್. ಅಷ್ಟರಲ್ಲಿ ರಷ್ಯಾದ ವಿಮಾ ಹಣದಿಂದ ಐರಿಷ್ ಲೀಸಿಂಗ್ ಕಂಪನಿ ಏರ್‌ಕ್ಯಾಪ್‌ನ, ಏರೋಫ್ಲೋಟ್ ಬಳಿ ಉಳಿದಿದ್ದ 17 ವಿಮಾನಗಳ ಲೆಕ್ಕ ಸುಮಾರು 64.5 ಕೋಟಿ ಡಾಲರಿಗೆ ಚುಕ್ತಾ ಆಗಿತ್ತು. ಗಾಜಿನಾಚೆ ಈಗ ‘ಆರ್‌ಎ’. ಸೀಟು ಅದೇ, ಸೇವೆ ಅದೇ, ಸಮಯಕ್ಕೂ ಹೊರಟಿತು. ಇಷ್ಟೆಲ್ಲ ನಿರ್ಬಂಧದ ನಡುವೆ ಬಿಡಿಭಾಗ ಎಲ್ಲಿಂದ ಬರುತ್ತೆ ಅನ್ನೋದು ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಆ ಏಪ್ರಿಲ್‌ನಲ್ಲಷ್ಟೇ ಅವರ ಒಂದು ಎ330 ದುರಸ್ತಿಗೆ ಇರಾನಿಗೆ ಹೋಗಿತ್ತು.

ಹೋಗುವವರಿಗೆ ಎರಡು ಮಾತು. ನಮ್ಮ ಬ್ಯಾಂಕಿನ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು ಅಲ್ಲಿ ಕೆಲಸ ಮಾಡಲ್ಲ, ನಗದು ಒಯ್ಯಿರಿ. ಪ್ರಯಾಣ ವಿಮೆಯ ಸಣ್ಣಕ್ಷರ ಓದಿ. ವಿಮಾನವನ್ನೇ ಕೋರ್ಟು ತಡೆದರೆ ಹೋಟೆಲ್ ಖರ್ಚು ಕೊಡ್ತೀರಾ ಅಂತ ನನ್ನ ವಿಮಾ ಕಂಪನಿಗೆ ಮೂರು ಮೇಲ್ ಹಾಕಿದೆ. ಮೂರಕ್ಕೂ ಬಂದಿದ್ದು ‘ಧನ್ಯವಾದಗಳು, ನಿಮ್ಮ ಪ್ರಶ್ನೆ ದಾಖಲಾಗಿದೆ’.

ಸೀಟಿಗೆ ನಾಲ್ಕು ಸ್ಟಾರ್, ಕಾಗದಪತ್ರಕ್ಕೆ ಎರಡು. ಮುಂದಿನ ಟಿಕೆಟ್ಟೂ ಇದರಲ್ಲೇ ಮಾಡಿಸಿದ್ದೀನಿ, ಮನೆಯವಳಿಗೆ ಇನ್ನೂ ಹೇಳಿಲ್ಲ.