ರೀಬಿಲ್ಡ್ ಟಾರ್ಕ್ ಕನ್ವರ್ಟರ್: ಮನೆಯ ಶೆಡ್ಡಿನಲ್ಲಿ ಹಾಕಿ ಎರಡು ಬೇಸಿಗೆ ಓಡಿಸಿದ ಅನುಭವ

ಆಟೋಮ್ಯಾಟಿಕ್ ಗಾಡಿಯಲ್ಲಿ ಇಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ ಭಾಗವೇ ಟಾರ್ಕ್ ಕನ್ವರ್ಟರ್. ಹಳೆಯದನ್ನೇ ಬಿಚ್ಚಿ ಸರಿಮಾಡಿದ ರೀಬಿಲ್ಡ್ ಕನ್ವರ್ಟರ್ ತಗೊಳ್ಳಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟು. ಧೈರ್ಯವಾಗಿ ತಗೊಳ್ಳಿ. ಆದರೆ ಕನ್ವರ್ಟರ್ ಬೆಲೆ ಒಂದನ್ನೇ ಲೆಕ್ಕ ಹಾಕಬೇಡಿ. ಗೇರ್ ಬಾಕ್ಸಿಗೆ ಹೊಸ ಆಯಿಲ್, ಪಂಪ್ ಸೀಲ್, ಫಿಲ್ಟರ್, ಆಯಿಲ್ ತಣ್ಣಗಾಗಿಸುವ ಕೂಲರ್ ತೊಳೆಯುವ ಖರ್ಚು ಎಲ್ಲ ಸೇರಿಸಿ ಕೆಲಸಕ್ಕೆ ಕೈ ಹಾಕಿ. ಇದರಲ್ಲಿ ಒಂದು ಬಿಟ್ಟರೂ ಎಷ್ಟು ಒಳ್ಳೆಯ ಕನ್ವರ್ಟರ್ ಆದರೂ ಬಾಳುವುದಿಲ್ಲ. ನನ್ನದು ಎರಡು ಬೇಸಿಗೆ ದಾಟಿದೆ. ನಂದಿ ಬೆಟ್ಟ ಹತ್ತಿದೆ, ಮಳೆಗಾಲದ ಹೊಲದ ದಾರಿ ನೋಡಿದೆ. ಇವತ್ತಿಗೂ ಚೆನ್ನಾಗಿದೆ.

ಗಾಡಿ ಮೂರು ಲೀಟರ್ ಡೀಸೆಲ್, ಫೋರ್ ವೀಲ್ ಡ್ರೈವ್, ಆಟೋಮ್ಯಾಟಿಕ್. ಎರಡು ಲಕ್ಷ ಕಿಲೋಮೀಟರ್ ದಾಟಿದೆ. ಕಂಪನಿ ಹೆಸರು ಬರೆಯುತ್ತಿಲ್ಲ. ಇಷ್ಟು ಓಡಿದ ಯಾವ ಆಟೋಮ್ಯಾಟಿಕ್‌ಗೂ ಈ ಕೆಲಸ ಬರಬಹುದು. ನಮ್ಮ ಮನೆ ಚಿಕ್ಕಬಳ್ಳಾಪುರದ ಪಕ್ಕದ ಹಳ್ಳಿಯಲ್ಲಿ. ಗಾಡಿಗೆ ಬಿಡುವೇ ಇಲ್ಲ. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆ ಗೂಡು, ತೋಟಕ್ಕೆ ಗೊಬ್ಬರದ ಮೂಟೆ, ಡ್ರಿಪ್ ಪೈಪು, ನಡುನಡುವೆ ಬೆಂಗಳೂರು.

ತೊಂದರೆ ಕಾಣಿಸಿಕೊಂಡದ್ದು ಹೈವೇಯಲ್ಲಿ. ಪೇರೇಸಂದ್ರ ದಾಟಿ ಬಾಗೇಪಲ್ಲಿ ಕಡೆ ಹೋಗುವಾಗ, ಎಪ್ಪತ್ತು ಎಂಬತ್ತರ ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿ ಹಿಡಿದರೆ ಒಂದು ನಡುಕ. ಟೋಲ್ ಹತ್ತಿರ ಬಳಿದಿರುವ ದಪ್ಪ ಬಿಳಿ ಪಟ್ಟಿಗಳ ಮೇಲೆ ಹೋದ ಹಾಗೆ. ಜೋರಾಗಿ ಒತ್ತಿದರೆ ಇಲ್ಲ. ಕಾಲು ತೆಗೆದರೂ ಇಲ್ಲ. ಒಬ್ಬರು ಇಂಜೆಕ್ಟರ್ ಅಂದರು, ಇನ್ನೊಬ್ಬರು ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಜಾಯಿಂಟ್) ಅಂದರು.

ಇದನ್ನು ಬೇರ್ಪಡಿಸಿ ನೋಡಲು ಒಂದು ಸುಲಭ ದಾರಿ ಇದೆ. ಖಾಲಿ ರಸ್ತೆಯಲ್ಲಿ, ಹಿಂದೆ ಯಾವ ಗಾಡಿಯೂ ಇಲ್ಲದಾಗ, ನಡುಕ ಬಂದ ಹೊತ್ತಿಗೆ ಆಕ್ಸಿಲರೇಟರ್ ಹಾಗೇ ಇಟ್ಟು ಬ್ರೇಕ್ ಪೆಡಲನ್ನು ಸುಮ್ನೆ ಮುಟ್ಟಿ. ಬ್ರೇಕ್ ಹಿಡಿಯುವುದು ಬೇಡ, ಹಿಂದಿನ ಲೈಟ್ ಹತ್ತುವಷ್ಟು ಸಾಕು. ಆ ಸ್ವಿಚ್ಚಿನ ಸಿಗ್ನಲ್ ಸಿಕ್ಕ ಕೂಡಲೇ ಗೇರ್ ಬಾಕ್ಸಿನ ಕಂಪ್ಯೂಟರ್ ಕನ್ವರ್ಟರಿನ ಒಳಗಿರುವ ಲಾಕಪ್ ಕ್ಲಚ್ಚನ್ನು (ಇದು ಏನು ಅನ್ನುವುದು ಮುಂದೆ ಇದೆ) ಬಿಡಿಸುತ್ತದೆ. ನಡುಕ ಅಲ್ಲೇ ನಿಂತರೆ ಅನುಮಾನ ಲಾಕಪ್ ಮೇಲೆ. ನಿಲ್ಲದಿದ್ದರೆ ಇಂಜಿನ್ನು, ಶಾಫ್ಟು, ಟೈರು ನೋಡಿ. ನನ್ನ ಗಾಡಿಯಲ್ಲಿ ಪ್ರತಿ ಸಲವೂ ನಿಂತಿತು. ಮೊದಲು ಬರೀ ಗೇರ್ ಬಾಕ್ಸಿನ ಆಯಿಲ್ ಬದಲಿಸಿ ನೋಡಿದೆ. ಎಷ್ಟೋ ಗಾಡಿಗಳಲ್ಲಿ ಅಷ್ಟರಿಂದಲೇ ಸರಿಹೋಗುತ್ತದೆ, ಹಾಗಾಗಿ ಎಲ್ಲರಿಗೂ ಅದನ್ನೇ ಮೊದಲು ಹೇಳುತ್ತೇನೆ. ನನ್ನದರಲ್ಲಿ ಕೆಲವು ವಾರ ಕಡಿಮೆಯಾಗಿ ಮತ್ತೆ ಶುರುವಾಯಿತು.

ಒಳಗೆ ಏನು ನಡೆಯುತ್ತದೆ ಅನ್ನುವುದು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ಕನ್ವರ್ಟರಿನಲ್ಲಿ ಇಂಪೆಲ್ಲರ್ ಇಂಜಿನ್ ಜೊತೆ ತಿರುಗಿ ಆಯಿಲನ್ನು ರಭಸವಾಗಿ ತಳ್ಳುತ್ತದೆ. ಆ ಹೊಡೆತಕ್ಕೆ ಟರ್ಬೈನ್ ತಿರುಗಿ ಗೇರ್ ಬಾಕ್ಸಿನ ಶಾಫ್ಟನ್ನು ತಿರುಗಿಸುತ್ತದೆ. ನಡುವೆ ಇರುವ ಸ್ಟೇಟರ್ ವಾಪಸ್ ಬರುವ ಆಯಿಲಿನ ದಿಕ್ಕು ಬದಲಿಸಿ ಇಂಪೆಲ್ಲರಿಗೆ ನೆರವಾಗುತ್ತದೆ. ಇದರಿಂದಲೇ ನಿಂತಲ್ಲಿಂದ ಹೊರಡುವಾಗ ಟಾರ್ಕ್, ಅಂದರೆ ತಿರುಗಿಸುವ ಬಲ, ಎರಡು ಪಟ್ಟಿನ ಆಸುಪಾಸಿಗೆ ಏರುತ್ತದೆ. ಮೂಟೆ ತುಂಬಿದ ಗಾಡಿ ಏರಿನಲ್ಲಿ ಮೆತ್ತಗೆ ಹೊರಡುವುದು ಇದರ ದಯೆಯಿಂದ. ಜರ್ಮನಿಯ ಹೆರ್ಮನ್ ಫೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಕಾರಿಗಲ್ಲ, ಹಡಗಿಗೆ. ಆದರೆ ಆಯಿಲ್ ಮೂಲಕ ಶಕ್ತಿ ಹೋಗುವಾಗ ಸ್ವಲ್ಪ ಜಾರಾಟ ಇದ್ದೇ ಇರುತ್ತದೆ, ಅದು ಬಿಸಿಯಾಗಿ ವ್ಯರ್ಥವಾಗುತ್ತದೆ. ಅದಕ್ಕೇ ವೇಗ ಬಂದ ಮೇಲೆ ಇಂಜಿನ್ನು ಮತ್ತು ಟರ್ಬೈನ್ ಎರಡನ್ನೂ ನೇರ ಹಿಡಿದಿಡಲು ಲಾಕಪ್ ಕ್ಲಚ್ ಬಂತು. ಪ್ಯಾಕರ್ಡ್ ಕಾರುಗಳಲ್ಲಿ 1949ರಲ್ಲೇ ಇತ್ತು. ಡೀಸೆಲ್ ಇಂಜಿನ್ ಕಡಿಮೆ ಆರ್‌ಪಿಎಂನಲ್ಲೇ ಜಾಸ್ತಿ ಟಾರ್ಕ್ ಕೊಡುತ್ತದೆ, ಅದರ ಒಂದೊಂದು ಹೊಡೆತವೂ ಗಟ್ಟಿ. ಲಾಕಪ್‌ನ ಉಜ್ಜಿ ಹಿಡಿಯುವ ಲೈನಿಂಗು, ಹೊಡೆತ ಮೆತ್ತಗಾಗಿಸುವ ಡ್ಯಾಂಪರ್ ಸ್ಪ್ರಿಂಗುಗಳು ಇದನ್ನೆಲ್ಲ ತಡೆದುಕೊಳ್ಳಬೇಕು. ಲೈನಿಂಗ್ ಸವೆದರೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಆ ನಡುಕ.

ಹೊಸ ಕನ್ವರ್ಟರಿನ ಬೆಲೆ ಕೇಳಿ ಮನೆಯಲ್ಲಿ ಎಲ್ಲರೂ ಸುಮ್ಮನಾದರು. ಗುಜರಿಯಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತದೆ, ಆದರೆ ಅದರ ಕಡೆ ತಲೆ ಹಾಕಬೇಡಿ. ಹೊರಗಿನಿಂದ ನೋಡಿದರೆ ಅದು ಬೆಸುಗೆ ಹಾಕಿದ ಒಂದು ಡಬ್ಬಿ, ಅಷ್ಟೇ. ಒಳಗಿನ ಲೈನಿಂಗ್ ಎಷ್ಟಿದೆ, ಬೇರಿಂಗ್ ಹೇಗಿದೆ, ಕತ್ತರಿಸದೆ ಯಾರಿಗೂ ತಿಳಿಯುವುದಿಲ್ಲ. ಜೆ.ಸಿ. ರೋಡಿನ ಅಂಗಡಿಗಳಲ್ಲಿ ವಿಚಾರಿಸಿ, ಕೊನೆಗೆ ಬೆಂಗಳೂರಿನ ಒಬ್ಬ ರೀಬಿಲ್ಡರ್ ಹತ್ತಿರ ಹೋದೆ. ಅವರು ಬೆಸುಗೆಯನ್ನು ಲೇತ್‌ನಲ್ಲಿ ಬಿಡಿಸುತ್ತಾರೆ. ಒಳಗೆ ತೊಳೆದು ಹೊಸ ಲೈನಿಂಗ್, ಬೇರಿಂಗ್, ಸೀಲ್ ಹಾಕುತ್ತಾರೆ. ಸ್ಟೇಟರನ್ನು ಒಂದೇ ದಿಕ್ಕಿಗೆ ತಿರುಗಲು ಬಿಡುವ ಒನ್ ವೇ ಕ್ಲಚ್ ಪರೀಕ್ಷಿಸಿ, ಮತ್ತೆ ಬೆಸೆದು, ಲೀಕ್ ನೋಡಿ, ಬ್ಯಾಲೆನ್ಸ್ ಮಾಡಿ ಕೊಡುತ್ತಾರೆ. ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ. ಒಂದು ವರ್ಷದ ವಾರಂಟಿ. ಹಳೆಯದನ್ನು ವಾಪಸ್ ಕೊಟ್ಟರೆ ಡಿಪಾಸಿಟ್ ಹಣ ಸಿಗುತ್ತದೆ. ನೀವು ಯಾರ ಹತ್ತಿರ ತಗೊಂಡರೂ ಎರಡು ಮಾತು ಕೇಳಿ: ಬ್ಯಾಲೆನ್ಸ್ ಮಾಡಿದ್ದೀರಾ, ಹಬ್ಬಿನ ರನ್‌ಔಟ್ (ತಿರುಗುವಾಗಿನ ಓಲಾಟ) ಅಳೆದಿದ್ದೀರಾ. ತಡವರಿಸಿದರೆ ಬೇರೆ ಅಂಗಡಿ ನೋಡಿ.

ಇನ್ನು ಮನೆಯಲ್ಲೇ ಹಾಕುವ ವಿಚಾರ. ನಮ್ಮ ಟ್ರ್ಯಾಕ್ಟರ್ ಶೆಡ್ಡಿಗೆ ಸಿಮೆಂಟ್ ನೆಲ ಇದೆ, ಅದಿಲ್ಲದೆ ಈ ಕೆಲಸಕ್ಕೆ ಇಳಿಯುತ್ತಿರಲಿಲ್ಲ. ರೇಷ್ಮೆ ಹುಳು ಸಾಕುವ ಮನೆಯಿಂದ ಶೆಡ್ ದೂರ ಇರುವುದೂ ಒಳ್ಳೆಯದಾಯಿತು, ಹುಳುವಿಗೆ ಹೊಗೆ, ವಾಸನೆ ಆಗುವುದಿಲ್ಲ. ಜೊತೆಗೆ ಚಿಕ್ಕಪ್ಪನ ಮಗ, ಟ್ರ್ಯಾಕ್ಟರ್ ಮೆಕ್ಯಾನಿಕ್. ಗೇರ್ ಬಾಕ್ಸ್ ಇಳಿಸುವ ಜಾಕಿಯನ್ನು ಊರಿನ ಗ್ಯಾರೇಜಿನಿಂದ ಬಾಡಿಗೆಗೆ ತಂದೆವು. ಫೋರ್ ವೀಲ್ ಡ್ರೈವ್ ಆದ್ದರಿಂದ ಗೇರ್ ಬಾಕ್ಸಿನ ಬೆನ್ನಿಗೆ ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಕೂಡ ಅಂಟಿಕೊಂಡಿರುತ್ತದೆ. ಎರಡೂ ಸೇರಿ ನೂರು ಕಿಲೋ ಮೀರುತ್ತದೆ. ಸಾಮಾನ್ಯ ಜಾಕಿ ಮೇಲೆ ಅದು ವಾಲಿದರೆ ಕೈಯಲ್ಲಿ ಹಿಡಿಯಲು ಆಗುವುದಿಲ್ಲ. ಗಾಡಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಇಟ್ಟಿಗೆ, ಕಲ್ಲು, ಮರದ ದಿಮ್ಮಿ ಯಾವುದೂ ಬೇಡ. ಇದು ಜೀವದ ಮಾತು.

ಬಿಚ್ಚುವ ಕೆಲಸ ಉದ್ದ, ಆದರೆ ಕಷ್ಟವಲ್ಲ. ಬ್ಯಾಟರಿ ತಂತಿ ಮೊದಲು ತೆಗೆಯಿರಿ. ಮುಂದಿನ ಹಿಂದಿನ ಎರಡೂ ಪ್ರೊಪೆಲ್ಲರ್ ಶಾಫ್ಟಿನ ಫ್ಲಾಂಜ್‌ಗಳಿಗೆ ಬಣ್ಣದಿಂದ ಗುರುತು ಹಾಕಿ, ಅದೇ ಜಾಗಕ್ಕೆ ಕೂರಿಸಲು. ವೈರಿಂಗ್ ಪ್ಲಗ್ಗುಗಳು, ಕೂಲರ್ ಪೈಪು, ಸ್ಟಾರ್ಟರ್ ಮೋಟರ್, ಕ್ರಾಸ್ ಮೆಂಬರ್. ಗೇರ್ ಬಾಕ್ಸನ್ನು ಇಂಜಿನ್ನಿಗೆ ಸೇರಿಸುವ ಬೆಲ್ ಹೌಸಿಂಗಿನ ಮೇಲಿನ ಬೋಲ್ಟುಗಳಿಗೆ ಕೈ ಹೋಗುವುದಿಲ್ಲ. ಗೇರ್ ಬಾಕ್ಸಿನ ಬಾಲದ ಕಡೆ ಸ್ವಲ್ಪ ಇಳಿಸಿದರೆ ಉದ್ದ ಎಕ್ಸ್‌ಟೆನ್ಷನ್‌ಗೆ ಸಿಗುತ್ತವೆ. ಕನ್ವರ್ಟರನ್ನು ಇಂಜಿನ್ನಿನ ಹಿಂದೆ ತಿರುಗುವ ತೆಳು ತಟ್ಟೆಗೆ, ಅಂದರೆ ಫ್ಲೆಕ್ಸ್ ಪ್ಲೇಟಿಗೆ, ಹಿಡಿದಿರುವ ಬೋಲ್ಟುಗಳನ್ನು ಇಂಜಿನ್ ಕೈಯಲ್ಲಿ ತಿರುಗಿಸುತ್ತಾ ಒಂದೊಂದಾಗಿ ಬಿಚ್ಚಬೇಕು. ಅಷ್ಟು ತೆರೆದ ಮೇಲೆ ಫ್ಲೆಕ್ಸ್ ಪ್ಲೇಟಿನಲ್ಲಿ ಬಿರುಕಿದೆಯಾ ನೋಡಿ, ಇಂಜಿನ್ನಿನ ಹಿಂದಿನ ಸೀಲನ್ನೂ ಬದಲಿಸಿಬಿಡಿ. ಅದಕ್ಕಾಗಿ ಮತ್ತೊಮ್ಮೆ ಇಷ್ಟೆಲ್ಲ ಇಳಿಸಲು ಯಾರಿಗೆ ಆಗುತ್ತದೆ?

ಇಡೀ ಕೆಲಸದ ಜೀವಾಳ ಕನ್ವರ್ಟರನ್ನು ಗೇರ್ ಬಾಕ್ಸಿನ ಆಯಿಲ್ ಪಂಪಿನಲ್ಲಿ ಕೂರಿಸುವುದು. ಇಲ್ಲಿ ಆತುರ ಮಾಡಬೇಡಿ. ಮೊದಲು ಅದರೊಳಗೆ ಒಂದು ಲೀಟರಿನಷ್ಟು ಹೊಸ ಆಯಿಲ್ ಸುರಿದೆವು, ಸ್ಟಾರ್ಟ್ ಮಾಡಿದಾಗ ಪಂಪ್ ಒಣಗಿ ತಿರುಗಬಾರದು. ಹೊಸ ಸೀಲಿನ ತುಟಿಗೆ ಆಯಿಲ್ ಸವರಿ, ಕನ್ವರ್ಟರನ್ನು ನೇರ ಹಿಡಿದು, ಮೆಲ್ಲಗೆ ತಿರುಗಿಸುತ್ತಾ ಒಳಕ್ಕೆ ಬಿಡಬೇಕು. ಅದು ಹಂತ ಹಂತವಾಗಿ ಇಳಿಯುತ್ತದೆ. ಟರ್ಬೈನಿನ ಹಲ್ಲು, ಸ್ಟೇಟರಿನ ಹಲ್ಲು, ಕೊನೆಗೆ ಪಂಪನ್ನು ತಿರುಗಿಸುವ ಕಚ್ಚು. ಒಂದೊಂದು ಸೇರಿದಾಗಲೂ ಕೈಗೆ ಟಕ್ ಅನ್ನುವುದು ತಿಳಿಯುತ್ತದೆ. ಎರಡು ಸೇರಿದಾಗಲೇ ಕೂತಂತೆ ಕಾಣುತ್ತದೆ. ನನಗೂ ಹಾಗೇ ಅನಿಸಿತು.

“ಅಣ್ಣಾ, ಇನ್ನೂ ಕೂತಿಲ್ಲ. ಸ್ಕೇಲ್ ಕೊಡಿ, ಅಳೆದು ನೋಡೋಣ” ಅಂದ ತಮ್ಮ.

ಬೆಲ್ ಹೌಸಿಂಗಿನ ಬಾಯಿಗೆ ಅಡ್ಡಲಾಗಿ ನೇರ ಪಟ್ಟಿ ಇಟ್ಟು, ಅಲ್ಲಿಂದ ಕನ್ವರ್ಟರಿನ ಬೋಲ್ಟ್ ಜಾಗದವರೆಗಿನ ಆಳ ಅಳೆದೆವು. ಮ್ಯಾನ್ಯುಯಲ್‌ನಲ್ಲಿ ಕೊಟ್ಟಿದ್ದಕ್ಕಿಂತ ಕಡಿಮೆ ಬಂತು. ಮತ್ತೆ ತಿರುಗಿಸಿದಾಗ ಕೊನೆಯ ಟಕ್ ಬಂತು, ಅಳತೆ ಸರಿಹೋಯಿತು. ಇದನ್ನು ನೋಡದೆ ಗೇರ್ ಬಾಕ್ಸ್ ಏರಿಸಿ ಬೋಲ್ಟಿನಿಂದ ಎಳೆದು ಕೂರಿಸಿದರೆ ಪಂಪಿನ ಗೇರ್ ಒಡೆಯುತ್ತದೆ. ಸ್ಟಾರ್ಟ್ ಮಾಡುವ ಮೊದಲೇ ಗೇರ್ ಬಾಕ್ಸ್ ಹೋದ ಹಾಗೆ. ಬೆಲ್ ಹೌಸಿಂಗ್ ಇಂಜಿನ್ನಿಗೆ ಕೈಯಲ್ಲೇ ಪೂರ್ತಿ ಒರಗಬೇಕು. ಒರಗಿದ ಮೇಲೆ ಕನ್ವರ್ಟರ್ ಸಲೀಸಾಗಿ ತಿರುಗಬೇಕು, ಫ್ಲೆಕ್ಸ್ ಪ್ಲೇಟಿಗೂ ಅದಕ್ಕೂ ನಡುವೆ ಕೆಲವು ಮಿಲಿಮೀಟರ್ ಸಂದು ಕಾಣಬೇಕು. ಆಮೇಲಷ್ಟೇ ಬೋಲ್ಟು.

ಕೂಲರ್ ತೊಳೆಯುವುದನ್ನು ಗ್ಯಾರೇಜಿನವರೂ ಎಷ್ಟೋ ಸಲ ಬಿಟ್ಟುಬಿಡುತ್ತಾರೆ. ಹಳೆ ಲೈನಿಂಗಿನ ಪುಡಿಯೆಲ್ಲ ಅಲ್ಲೇ ಕೂತಿರುತ್ತದೆ. ಆಯಿಲ್ ಹರಿಯುವ ದಿಕ್ಕಿಗೆ ಉಲ್ಟಾ ತೊಳೆದಾಗ ನಮಗೆ ಬಂದದ್ದು ಕಪ್ಪು ಕೊಳೆ. ಶುದ್ಧವಾಗಿ ಬರುವವರೆಗೂ ಬಿಡಲಿಲ್ಲ. ಪೂರ್ತಿ ಆಯಿಲ್ ಹೊಸದು ಹಾಕಿದೆವು, ಮ್ಯಾನ್ಯುಯಲ್ ಹೇಳಿದ ಗ್ರೇಡನ್ನೇ. ಬರೀ ಸಂಪ್ (ಗೇರ್ ಬಾಕ್ಸಿನ ತಳದ ಆಯಿಲ್ ತಟ್ಟೆ) ಖಾಲಿ ಮಾಡಿದರೆ ಅರ್ಧದಷ್ಟೂ ಹಳೆ ಆಯಿಲ್ ಹೊರಗೆ ಬರುವುದಿಲ್ಲ. ಲೆವೆಲ್ ನೋಡುವುದು ಇಂಜಿನ್ ಓಡುತ್ತಿರುವಾಗ, ಗಾಡಿ ಮಟ್ಟವಾಗಿ ನಿಂತಿರುವಾಗ, ಆಯಿಲ್ ಹೇಳಿದಷ್ಟು ಬಿಸಿ ಇದ್ದಾಗ. ಹಳೆ ಆಯಿಲನ್ನು ಕ್ಯಾನಿಗೆ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಟ್ಟೆವು. ನೀರಿಗಾಗಿ ಇಷ್ಟು ಆಳಕ್ಕೆ ಬೋರ್ ಕೊರೆಯುವ ನಮ್ಮ ನಾಡಿನಲ್ಲಿ ಅದನ್ನು ಮಣ್ಣಿಗೆ ಸುರಿಯಬೇಡಿ, ದಯವಿಟ್ಟು.

ಈಗ ಬಳಕೆಯ ಮಾತು. ಮೊದಲ ದಿನದಿಂದಲೇ ನಡುಕ ಹೋಯಿತು, ಮತ್ತೆ ಬಂದಿಲ್ಲ. ಗಾಡಿಯ ಕಂಪ್ಯೂಟರಿನ ಮಾಹಿತಿ ಓದಿ ಫೋನಿಗೆ ತೋರಿಸುವ ಸಣ್ಣ ಓಬಿಡಿ ಸಾಧನದಲ್ಲಿ ಇಂಜಿನ್ ಮತ್ತು ಟರ್ಬೈನ್ ವೇಗ ಎರಡೂ ಕಾಣುತ್ತವೆ. ಲಾಕಪ್ ಹಿಡಿದಾಗ ಎರಡೂ ಒಂದೇ ಅಂಕಿಗೆ ಬಂದು ನಿಲ್ಲುತ್ತವೆ. ಮೊದಲು ಅವು ಮೇಲೆ ಕೆಳಗೆ ಆಡುತ್ತಿದ್ದವು. ಹೈವೇಯಲ್ಲಿ ಆರ್‌ಪಿಎಂ ಇಳಿದಿದೆ, ಡೀಸೆಲ್ ಕೂಡ ಸ್ವಲ್ಪ ಉಳಿಯುತ್ತಿದೆ. ಆಯಿಲ್ ಬಿಸಿ ಹೈವೇಯಲ್ಲಿ ಎಂಬತ್ತು ತೊಂಬತ್ತು ಡಿಗ್ರಿ ನಡುವೆ ಇರುತ್ತದೆ. ನಂದಿ ಬೆಟ್ಟ ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರ. ಕಡೆಯ ತಿರುವುಗಳಲ್ಲಿ ವೇಗ ಇಲ್ಲ, ಲಾಕಪ್ ಬಿಟ್ಟಿರುತ್ತದೆ, ಪೂರಾ ಕೆಲಸ ಆಯಿಲಿನದು. ಏಪ್ರಿಲ್ ಮಧ್ಯಾಹ್ನ ಜನ ತುಂಬಿಕೊಂಡು ಹತ್ತಿದಾಗ ನೂರು ದಾಟಿತು. ಇಳಿಯುವಾಗ ಬೇಗ ತಣ್ಣಗಾಯಿತು. ಆಯಿಲ್ ಮಾಮೂಲಿಗಿಂತ ಹತ್ತು ಡಿಗ್ರಿ ಜಾಸ್ತಿ ಬಿಸಿಯಲ್ಲೇ ಓಡುತ್ತಿದ್ದರೆ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಮೆಕ್ಯಾನಿಕ್‌ಗಳ ಒಂದು ಅಂದಾಜು ಲೆಕ್ಕ. ಅದಕ್ಕೇ ನಾನು ಬಿಸಿಯ ಮೇಲೆ ಕಣ್ಣಿಡುತ್ತೇನೆ. ಗುಡಿಬಂಡೆ ಕಡೆ ನಮ್ಮ ಹೊಲಕ್ಕೆ ಹೋಗುವ ಕಡಿದಾದ ಮಣ್ಣಿನ ದಾರಿಯಲ್ಲಿ ಲೋ ರೇಂಜ್ ಹಾಕಿಬಿಡಿ. ಟ್ರಾನ್ಸ್‌ಫರ್ ಕೇಸೇ ಬಲ ಹೆಚ್ಚಿಸಿಕೊಡುತ್ತದೆ, ಕನ್ವರ್ಟರ್ ಜಾರಾಡುವುದು ಕಡಿಮೆ, ಬಿಸಿಯೂ ಕಡಿಮೆ. ಫೋರ್ ವೀಲ್ ಇದ್ದೂ ಆ ಲಿವರ್ ಮುಟ್ಟದೆ ಹೈ ರೇಂಜಿನಲ್ಲೇ ಎಳೆಸುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ದೂರುಗಳೂ ಇವೆ. ಲಾಕಪ್ ಹಿಡಿಯುವಾಗ ಹಳೆಯದಕ್ಕಿಂತ ಒಂಚೂರು ಗಟ್ಟಿಯಾಗಿ ಹಿಡಿಯುತ್ತದೆ, ಸೀಟಿನಲ್ಲಿ ಕೂತವರಿಗೆ ತಿಳಿಯುತ್ತದೆ. ಗಾಡಿಯನ್ನು ನಾಲ್ಕೈದು ದಿನ ನಿಲ್ಲಿಸಿ ಬೆಳಗ್ಗೆ ಡಿ ಹಾಕಿದರೆ ಒಂದೆರಡು ಸೆಕೆಂಡ್ ತಡ. ಕನ್ವರ್ಟರಿನ ಆಯಿಲ್ ಸಂಪಿಗೆ ಇಳಿದಿರುತ್ತದೆ, ಸ್ಟಾರ್ಟ್ ಮಾಡಿ ಸ್ವಲ್ಪ ಕಾದರೆ ಸರಿ. ಬೋಲ್ಟ್ ಕೂರುವ ತೂತುಗಳ ಥ್ರೆಡ್ಡಿನಲ್ಲಿ ಪೇಂಟ್ ತುಂಬಿಕೊಂಡಿತ್ತು, ಥ್ರೆಡ್ ಕೊರೆಯುವ ಟ್ಯಾಪ್ ಹಾಕಿ ಬಿಡಿಸಬೇಕಾಯಿತು. ರೀಬಿಲ್ಡರ್ ಅಷ್ಟು ಗಮನ ಕೊಡಬೇಕಿತ್ತು. ವಾರಂಟಿ ಬರೀ ಕನ್ವರ್ಟರಿಗೆ, ಮತ್ತೆ ಬಿಚ್ಚಿ ಹಾಕುವ ಕೂಲಿ ನಮ್ಮದೇ. ಜೊತೆಗೆ ಕೂಲರ್ ತೊಳೆದದ್ದಕ್ಕೆ ಫೋಟೋ ಕೇಳುತ್ತಾರೆ. ಇದು ನ್ಯಾಯವೇ ಅನಿಸಿತು, ಮೊದಲೇ ತೆಗೆದಿಟ್ಟುಕೊಳ್ಳಿ.

ಒಬ್ಬರೇ ಇದ್ದೀರಾ, ನೆಲ ಮಣ್ಣಿನದಾ, ಜಾಕಿ ಸಿಗುವುದಿಲ್ವಾ, ಹಾಗಾದರೆ ಕನ್ವರ್ಟರ್ ನೀವೇ ತಂದು ಗ್ಯಾರೇಜಿನಲ್ಲಿ ಹಾಕಿಸಿ. ಪಕ್ಕದಲ್ಲಿ ನಿಂತು ಆಳದ ಅಳತೆ ತೆಗೆಸಿ, ಕೂಲರ್ ತೊಳೆಸಿ. ಗೇರ್ ಬಾಕ್ಸಿನ ಸಂಪ್ ತೆಗೆದಾಗ ಮ್ಯಾಗ್ನೆಟ್ ಮೇಲೆ ಲೋಹದ ಚೂರುಗಳು ಕಂಡರೆ ಕನ್ವರ್ಟರಿಗೆ ದುಡ್ಡು ಹಾಕುವುದನ್ನು ಅಲ್ಲೇ ನಿಲ್ಲಿಸಿ, ಮೊದಲು ಗೇರ್ ಬಾಕ್ಸ್ ತೋರಿಸಿ. ಬೂದು ಬಣ್ಣದ ನುಣುಪು ಕೆಸರು ಮಾತ್ರ ಇದ್ದರೆ ಭಯ ಬೇಡ, ಅದು ಮಾಮೂಲಿ ಸವೆತ. ಮುಂದಿನ ಆಯಿಲ್ ಬದಲಾವಣೆಗೆ ನಾನೂ ಸಂಪ್ ಬಿಚ್ಚಿ ಆ ಮ್ಯಾಗ್ನೆಟ್ ನೋಡುವವನಿದ್ದೇನೆ. ಏನು ಕಂಡಿತು ಅನ್ನುವುದನ್ನು ಇದೇ ವಿಮರ್ಶೆಗೆ ಸೇರಿಸುತ್ತೇನೆ.