ಲಾವಾ ಹರಿದುಹೋದ ದಾರಿಯಲ್ಲಿ

ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ ಒಂದಾದ ಲಾನ್ಸರೋಟೆಗೆ ಹೋಗುವವರು ಅಲ್ಲಿನ ಕ್ವೇವಾ ದೆ ಲೋಸ್ ವೆರ್ದೆಸ್ ಗುಹೆಯನ್ನು ತಪ್ಪದೆ ನೋಡಬೇಕು. ಸುಮಾರು 20,000 ವರ್ಷಗಳ ಹಿಂದೆ ಲಾ ಕೊರೋನಾ ಜ್ವಾಲಾಮುಖಿ ಉಗುಳಿದ ಲಾವಾದ ಮೇಲ್ಪದರ ತಣಿದು ಗಟ್ಟಿಯಾಗಿ, ಒಳಗಿನ ಕುದಿಪ್ರವಾಹ ಮಾತ್ರ ಕಡಲಿನತ್ತ ಹರಿದು ಬರಿದಾದುದರಿಂದ ಉಂಟಾದ ಈ ಸುರಂಗ 6 ಕಿಲೋಮೀಟರಿಗೂ ಉದ್ದವಿದ್ದು, ಅದರ ತುದಿ ಸಮುದ್ರದಡಿಗೂ ಚಾಚಿದೆ. ಪ್ರವಾಸಿಗರಿಗೆ ತೆರೆದಿರುವುದು ಸುಮಾರು 1 ಕಿಲೋಮೀಟರ್ ಮಾತ್ರ. ಮಾರ್ಗದರ್ಶಕರೊಡನೆ ಅದನ್ನು ನೋಡಿ ಬರಲು ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಸಮಯ ಬೇಕು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಗೋಡೆಗಳು. ಬೇಸಿಗೆಯಲ್ಲಿ ಕೆರೆ ಬತ್ತುತ್ತ ಹೋದಂತೆ ದಂಡೆಯ ಮೇಲೆ ಗೆರೆಗಳು ಮೂಡುವ ಹಾಗೆ, ಲಾವಾದ ಮಟ್ಟ ಇಳಿದಿಳಿದು ಉಳಿಸಿಹೋದ ಅಡ್ಡಗೆರೆಗಳು ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಕಬ್ಬಿಣದ ಅಂಶ ತುಕ್ಕುಹಿಡಿದು ಬಂದ ಕೆಂಪು ಬಣ್ಣವೂ ಅವುಗಳ ನಡುವೆ ಹರಡಿದೆ. 1960ರ ದಶಕದಲ್ಲಿ ಕಲಾವಿದ ಹೆಸುಸ್ ಸೋತೋ ರೂಪಿಸಿದ ಬೆಳಕಿನ ವ್ಯವಸ್ಥೆ ಬಂಡೆಯ ಸಹಜತೆಯನ್ನು ಎಲ್ಲಿಯೂ ಕೆಡಿಸಿಲ್ಲ. ಕಡಲ್ಗಳ್ಳರ ದಾಳಿಯ ಕಾಲದಲ್ಲಿ ದ್ವೀಪದ ಜನ ಮಕ್ಕಳುಮರಿಗಳೊಂದಿಗೆ ಇಲ್ಲೇ ಅಡಗಿದ್ದರೆಂಬುದನ್ನು ನೆನೆದಾಗ ಈ ಕತ್ತಲೆಯ ಮೇಲೆ ಗೌರವ ಮೂಡುತ್ತದೆ.

ಕೆಲವೆಡೆ ಬಹಳ ಬಗ್ಗಿ ನಡೆಯಬೇಕಾದುದರಿಂದ ಮೊಣಕಾಲು ಅಥವಾ ಬೆನ್ನುನೋವು ಇರುವವರು ಯೋಚಿಸಿ ಹೊರಡುವುದು ಒಳಿತು. ಗುಹೆಯೊಳಗೆ ಕಾದಿರುವ ಒಂದು ಅಚ್ಚರಿಯನ್ನು ನಾನು ಇಲ್ಲಿ ಬೇಕೆಂದೇ ಬರೆದಿಲ್ಲ; ಅದನ್ನು ಹೋಗಿ ನೋಡಿದವರೂ ಉಳಿದವರಿಗೆ ದಯವಿಟ್ಟು ಹೇಳಬಾರದು.