ಬೀಟಲ್ ಕಾರಿನ ಬಟ್ಟೆಯ ಚಾವಣಿ: ಕುಶಾಲನಗರದ ಕುಶನ್ ಅಂಗಡಿಯ ಕೆಲಸ

ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ 1963ರವರೆಗೆ ಬರುತ್ತಿದ್ದ, ಹಿಂದಕ್ಕೆ ಮಡಚಿಕೊಳ್ಳುವ ಬಟ್ಟೆಯ ಚಾವಣಿಯನ್ನು ಬಿಚ್ಚಿ ರಿಪೇರಿ ಮಾಡಬಲ್ಲವರು ಕೊಡಗಿನಲ್ಲಿ ವಿರಳ. ಆದ್ದರಿಂದ ಕುಶಾಲನಗರದ ಈ ಸಣ್ಣ ಕುಶನ್ ಅಂಗಡಿಯ ಕೆಲಸವನ್ನು ವಿವರವಾಗಿಯೇ ದಾಖಲಿಸಬೇಕೆನಿಸಿತು.

ಅವರು ಮೊದಲು ಒಳಗಿನ ಹಿಡಿಕೆಯನ್ನು ಕಳಚಿ, ಎರಡೂ ಬದಿಯ ಹಳಿಗಳಿಂದ ಅಡ್ಡಕಂಬಿಗಳನ್ನು ಬಿಡಿಸಿ, ಪ್ರತಿಯೊಂದರ ಸ್ಥಾನವನ್ನು ಸೀಮೆಸುಣ್ಣದಿಂದ ಗುರುತಿಸಿಕೊಂಡರು. ಬಟ್ಟೆ ಹರಿದದ್ದಕ್ಕಿಂತ ದೊಡ್ಡ ತೊಂದರೆ ಅದರ ಕೆಳಗಿತ್ತು: ಮುಂದಿನ ಪಟ್ಟಿಯ ಅಡಿಯಲ್ಲಿ ನೀರು ನಿಂತು ತಗಡು ಪದರ ಪದರವಾಗಿ ಎದ್ದಿತ್ತು. ಅದನ್ನು ಹಾಗೆಯೇ ಮುಚ್ಚಿಬಿಡದೆ, ತುಕ್ಕು ಕೆರೆದು, ರೆಡ್ ಆಕ್ಸೈಡ್ ಬಳಿದು ಒಣಗಿಸಿದ ಅವರ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಹೊಸ ಬಟ್ಟೆಯನ್ನು ಬಿಸಿಲಿನಲ್ಲಿ ಹರಡಿ ಸುಕ್ಕು ಬಿಡಿಸಿದ ನಂತರವೇ ನಡುವಿನಿಂದ ಅಂಚಿನತ್ತ ಸಮನಾಗಿ ಎಳೆದು ಅಂಟಿಸಿದರು. ಒಂದು ಬದಿ ಹೆಚ್ಚು ಬಿಗಿಯಾದರೂ ಚಾವಣಿ ಓರೆಯಾಗಿ ಸರಿದು ಹಳಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಒಳಬದಿಯ ಹೊಲಿಗೆಯ ದಾರ ಮೂಲ ಬಣ್ಣಕ್ಕೆ ಹೊಂದುವುದಿಲ್ಲ, ಅದೊಂದೇ ಕೊರತೆ. ಮೊದಲು ಹೇಳಿದ ಕೂಲಿಗಿಂತ ಹೆಚ್ಚು ಕೇಳಲಿಲ್ಲ. ಈ ಮುಂಗಾರಿನಲ್ಲಿ ಮಡಿಕೇರಿಯ ಜಡಿಮಳೆಗೂ ಒಂದು ಹನಿ ಒಳಗಿಳಿದಿಲ್ಲ. ತೇವದಲ್ಲಿ ಅಂಟು ಸರಿಯಾಗಿ ಹಿಡಿಯುವುದಿಲ್ಲವೆಂದು ಮಳೆಗಾಲದಲ್ಲಿ ಅವರು ಈ ಕೆಲಸ ಒಪ್ಪಿಕೊಳ್ಳುವುದಿಲ್ಲ. ಕಾರನ್ನು ಏಪ್ರಿಲ್ ಒಳಗೇ ಒಯ್ಯುವುದು ಒಳಿತು.